ಶ್ರೀರಂಗಪಟ್ಟಣದ ದೊಡ್ಡಸ್ವಾಮಿ: ಅಬ್ಬೆ ದುಬಾಯ್

ಕುಷ್ಟಗಿಯಿಂದ ಹೆಚ್ಚು ದೂರವಿಲ್ಲದ ಮುದಗಲ್ಲಿನಲ್ಲಿ ಹೆಸರಾಂತ ಕೋಟೆಯ ಜೊತೆಗೆ ಒಂದು ಹಳೆಯ ಕ್ಯಾಥೊಲಿಕ್ ಚರ್ಚೂ ಇದೆ. ಗೋವಾ ಕಡೆಯಿಂದ ಬಂದ ಪಾದ್ರಿಗಳು ಅಲ್ಲಿ ಸಭೆ ಕಟ್ಟಿದರು. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು ಅದಕ್ಕೆ ಇನಾಮು ಕೊಟ್ಟರು. ಅಂದರೆ ಕ್ಯಾಥೊಲಿಕರು ನಮ್ಮ ಸೀಮೆಗೆ ಹೊಸಬರಲ್ಲ, ನೂರಾರು ವರ್ಷಗಳಿಂದ ನಮ್ಮ ನೆರೆಯವರು. ಅವರ ಧರ್ಮಗುರುಗಳು ಬೇರೆ ಧರ್ಮದವರನ್ನು ಹೇಗೆ ಕಂಡರು? ಈ ಪ್ರಶ್ನೆಗೆ ಉತ್ತರ ಹುಡುಕಲು ಮೈಸೂರು ಸೀಮೆಯಲ್ಲಿ ಬಾಳಿದ ಒಬ್ಬ ಫ್ರೆಂಚ್ ಪಾದ್ರಿಯ ಜೀವನ ನೆರವಾಗುತ್ತದೆ.

ಹುಟ್ಟು ಮತ್ತು ಪಯಣ

ಜಾನ್ ಆಂಟ್ವಾನ್ ದುಬಾಯ್ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ, 1760ರ ದಶಕದ ನಡುವಿನಲ್ಲಿ. ಅಬ್ಬೆ ಎಂಬುದು ಫ್ರೆಂಚರು ಪಾದ್ರಿಗಳಿಗೆ ಕೊಡುವ ಗೌರವದ ಹೆಸರು. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅದೇ ವೇಳೆಗೆ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿತ್ತು, ಪಾದ್ರಿಗಳಿಗೆ ಜೀವಭಯವಿತ್ತು. ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಮೂಲಕ ಅವರು ಭಾರತಕ್ಕೆ ಹೊರಟರು. ಪುದುಚೇರಿಯಲ್ಲಿಳಿದು ಕೆಲವು ವರ್ಷ ತಮಿಳು ಸೀಮೆಯಲ್ಲಿ ದುಡಿದರು.

ಇಲ್ಲಿಗೆ ಬಂದ ಮೇಲೆ ಅವರು ಒಂದು ಗಟ್ಟಿ ತೀರ್ಮಾನ ಮಾಡಿದರು. ಜನರ ನಡುವೆ ಇರಬೇಕಾದರೆ ಜನರಂತೆಯೇ ಇರಬೇಕು ಎಂಬುದೇ ಆ ತೀರ್ಮಾನ. ಯುರೋಪಿನ ಉಡುಪು ಬಿಟ್ಟರು, ಈ ನಾಡಿನ ಉಡುಪು ಉಟ್ಟರು. ಮಾಂಸಾಹಾರ ತ್ಯಜಿಸಿದರು. ಇಲ್ಲಿನ ಭಾಷೆಗಳನ್ನು ಕಲಿತರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆಯತೊಡಗಿದರು. ಈ ದಾರಿ ಅವರೇ ಮೊದಲು ತುಳಿದದ್ದಲ್ಲ. ಅವರಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಎಂಬ ಇಟಲಿಯ ಪಾದ್ರಿ ಸನ್ಯಾಸಿಯ ವೇಷದಲ್ಲಿ ಬಾಳಿದ್ದರು.

ಯುದ್ಧದ ನಂತರದ ಶ್ರೀರಂಗಪಟ್ಟಣ

1799ರ ಮೇ 4ರಂದು ಟಿಪ್ಪು ಸುಲ್ತಾನರು ಯುದ್ಧಭೂಮಿಯಲ್ಲಿ ಮಡಿದರು. ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಹೊಣೆ ದುಬಾಯ್ ಅವರ ಪಾಲಿಗೆ ಬಂತು.

ಇದರ ಹಿಂದಿನ ನೋವಿನ ಕಥೆಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಎಷ್ಟು ಜನ ಎಂಬ ಲೆಕ್ಕ ಒಬ್ಬೊಬ್ಬರ ಬರಹದಲ್ಲಿ ಒಂದೊಂದು ಬಗೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. ಇಂಗ್ಲಿಷರ ವಿರುದ್ಧ ಟಿಪ್ಪು ನಡೆಸಿದ ಹೋರಾಟವನ್ನು ಗೌರವಿಸುವವರು ಈ ಸಂಗತಿಯನ್ನೂ ತಿಳಿದಿರಬೇಕು. ದೀನಿನಲ್ಲಿ ಬಲವಂತಕ್ಕೆ ಜಾಗವಿಲ್ಲ ಎಂಬುದನ್ನು ನಮ್ಮ ಮಕ್ಕಳು ಮದರಸಾದಲ್ಲೇ ಕಲಿಯುತ್ತಾರೆ. ಆಳುವವರು ರಾಜಕೀಯಕ್ಕಾಗಿ ಅದನ್ನು ಮರೆತರೆ ತಪ್ಪು ಆಳುವವರದೇ.

ಮರಳಿ ಬರಬಯಸಿದವರನ್ನು ದುಬಾಯ್ ಚರ್ಚಿಗೆ ಸೇರಿಸಿಕೊಂಡರು. ಗಂಜಾಂನಲ್ಲಿ ನೆಲೆಸಿ ಹಳ್ಳಿಹಳ್ಳಿ ಸುತ್ತಿದರು. ಬಡ ಕ್ರೈಸ್ತರಿಗಾಗಿ ಹಾಸನದ ಹತ್ತಿರ ಒಕ್ಕಲುತನದ ನೆಲೆಯನ್ನೂ ಕಟ್ಟಿದರು.

ಸಿಡುಬಿನ ವಿರುದ್ಧ

ಆ ಕಾಲದಲ್ಲಿ ಸಿಡುಬು ಬಂದರೆ ಮನೆಗೆ ಮನೆಯೇ ಬರಿದಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಆದರೆ ಜನ ಅದಕ್ಕೆ ಹೆದರುತ್ತಿದ್ದರು. ಪರದೇಶದವರು ತಂದ ಮದ್ದು, ಅದೂ ಹಸುವಿನ ಕಾಯಿಲೆಯಿಂದ ತೆಗೆದದ್ದು! ತೋಳು ಚಾಚಲು ಯಾರಿಗೂ ಧೈರ್ಯವಿರಲಿಲ್ಲ. ದುಬಾಯ್ ಅವರನ್ನು ಮಾತ್ರ ಜನ ನಂಬಿದ್ದರು. 1803-04ರಲ್ಲಿ ಅವರ ಮುಂದಾಳ್ತನದಲ್ಲಿ 25,432 ಜನರಿಗೆ ಲಸಿಕೆ ಹಾಕಿದ ದಾಖಲೆಯಿದೆ. ಇದಕ್ಕೆ ಬಲವಾದದ್ದು ಜನರೊಡನೆ ಅವರು ಬೆಳೆಸಿಕೊಂಡಿದ್ದ ನಂಬಿಕೆ.

ಪುಸ್ತಕ ಮತ್ತು ಅದರ ಕೊರತೆ

ಹಿಂದೂ ಸಮಾಜದ ರೀತಿನೀತಿ, ಆಚಾರ, ಹಬ್ಬ, ಜಾತಿಕಟ್ಟಳೆಗಳ ಬಗ್ಗೆ ದುಬಾಯ್ ಒಂದು ದೊಡ್ಡ ಗ್ರಂಥ ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಮದರಾಸಿಗೆ ಕಳಿಸಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಸ್ತಪ್ರತಿಯನ್ನು 2,000 ಪಗೋಡ ಕೊಟ್ಟು ಕೊಂಡಿತು. ಮುಂದೆ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, 1825ರಲ್ಲಿ ಫ್ರೆಂಚಿನಲ್ಲೂ ಬಂತು. ಭಾರತದ ಬಗ್ಗೆ ಯುರೋಪಿನವರು ಬಹುಕಾಲ ಓದಿದ ಪುಸ್ತಕಗಳಲ್ಲಿ ಅದೂ ಒಂದು.

ಈ ಪುಸ್ತಕಕ್ಕೆ ಎರಡು ದೊಡ್ಡ ಕೊರತೆಗಳಿವೆ. ಮೊದಲನೆಯದು, ಅದರ ಬಹುಪಾಲು ವಿಷಯ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಬಂದದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ದುಬಾಯ್ ಆ ಋಣವನ್ನು ಒಪ್ಪಿಕೊಂಡಿರಲಿಲ್ಲ. ಎರಡನೆಯದು, ನೆರೆಯವರ ಮನೆಯೊಳಗೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡರೂ ಅವರ ಪೂಜೆ, ನಂಬಿಕೆಗಳನ್ನು ಕೀಳಾಗಿಯೇ ತೂಗಿದರು. ಉಡುಪು ಬದಲಾಗಿತ್ತು, ತಕ್ಕಡಿ ಬದಲಾಗಿರಲಿಲ್ಲ.

ಸೋಲಿನ ಲೆಕ್ಕ

ಸುಮಾರು ಮೂವತ್ತು ವರ್ಷ ಇಲ್ಲಿದ್ದು 1823ರ ಜನವರಿಯಲ್ಲಿ ಅವರು ಸ್ವದೇಶಕ್ಕೆ ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಅವರ ಪತ್ರಗಳ ಪುಸ್ತಕ ಹೊರಬಂತು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಹೊಸದಾಗಿ ಸೇರಿಸಿದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲೂ ಬಹಳ ಜನ ಬಂದದ್ದು ಹೊಟ್ಟೆಪಾಡಿಗೆ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಬರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಅಂದಿನ ಸ್ಥಿತಿಯಲ್ಲಿ ಆಗದ ಮಾತು ಎಂಬುದು ಅವರ ನಿಲುವಾಗಿತ್ತು. ಪ್ರೊಟೆಸ್ಟೆಂಟ್ ಪ್ರಚಾರಕರು ಸಿಟ್ಟಾಗಿ ಮರುವರ್ಷವೇ ಉತ್ತರದ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ದುಬಾಯ್ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಹಿರಿಯರಾಗಿ ಸೇವೆ ಸಲ್ಲಿಸಿ 1848ರಲ್ಲಿ ತೀರಿಕೊಂಡರು.

ಚರ್ಚಿನ ನಿಲುವು ಬದಲಾದದ್ದು

ದುಬಾಯ್ ತೀರಿಕೊಂಡ ನೂರಾ ಹದಿನೇಳು ವರ್ಷಗಳ ನಂತರ, 1965ರ ಅಕ್ಟೋಬರ್ 28ರಂದು, ವ್ಯಾಟಿಕನ್ನಿನ ಮಹಾಸಭೆ ಇತರ ಧರ್ಮಗಳ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಪರವಾಗಿ 2,221 ಮತ, ವಿರುದ್ಧವಾಗಿ 88. ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಚರ್ಚು ತಳ್ಳಿಹಾಕುವುದಿಲ್ಲ, ಏಕದೇವನನ್ನು ಆರಾಧಿಸುವ ಮುಸ್ಲಿಮರನ್ನು ಗೌರವದಿಂದ ಕಾಣುತ್ತದೆ, ಹಿಂದಿನ ಜಗಳಗಳನ್ನು ಮರೆತು ನ್ಯಾಯ ಶಾಂತಿಗಳಿಗಾಗಿ ಇಬ್ಬರೂ ಸೇರಿ ದುಡಿಯಬೇಕು ಎಂಬುದು ಅದರ ಸಾರ. ಹಾಗೆಂದು ಕ್ಯಾಥೊಲಿಕರು ತಮ್ಮ ಧರ್ಮವನ್ನು ಸಾರುವುದನ್ನು ಬಿಡಲಿಲ್ಲ. ತಮ್ಮ ನಂಬಿಕೆಯಲ್ಲಿ ನಿಂತೇ ಇತರರನ್ನು ಗೌರವಿಸುವುದನ್ನು ಕಲಿತರು. 2001ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಗೆ ಭೇಟಿ ಕೊಟ್ಟರು. 2019ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಜ್ಹರಿನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಮಾನವ ಸೋದರತ್ವದ ಪತ್ರಕ್ಕೆ ಸಹಿ ಹಾಕಿದರು.

ವಿದ್ಯಾರ್ಥಿ ಮಿತ್ರರೇ, ದುಬಾಯ್ ಅವರ ಬದುಕಿನಿಂದ ತೆಗೆದುಕೊಳ್ಳಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ನೆರೆಯವರ ಭಾಷೆ ಕಲಿಯುವ ಶ್ರದ್ಧೆ, ಅವರ ಮಗುವಿಗೆ ಲಸಿಕೆ ಹಾಕಿಸುವ ಕಾಳಜಿ, ಸೋಲನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ, ಇವನ್ನು ತೆಗೆದುಕೊಳ್ಳೋಣ. ತಿಳಿದುಕೊಳ್ಳುವ ಮೊದಲೇ ತೀರ್ಪು ಕೊಡುವುದನ್ನು, ಇನ್ನೊಬ್ಬರ ವಿದ್ವತ್ತನ್ನು ಹೆಸರು ಹೇಳದೆ ಬಳಸಿಕೊಳ್ಳುವುದನ್ನು ಬಿಡೋಣ. ಕೊಪ್ಪಳದ ಗವಿಮಠದ ಜಾತ್ರೆಯಲ್ಲೂ ಮರ್ದಾನೆ ಗೈಬ್ ದರ್ಗಾದ ಉರುಸಿನಲ್ಲೂ ಎಲ್ಲರೂ ಕೂಡುವ ಜಿಲ್ಲೆ ನಮ್ಮದು. ಒಟ್ಟಿಗೆ ಕೂಡುವುದು ನಮಗೆ ರೂಢಿಯಲ್ಲಿದೆ. ಪಕ್ಕದಲ್ಲಿ ಕೂತವನು ಏನನ್ನು ನಂಬುತ್ತಾನೆ, ಏಕೆ ನಂಬುತ್ತಾನೆ ಎಂಬುದನ್ನು ಅವನ ಬಾಯಿಂದಲೇ ಕೇಳಿ ತಿಳಿಯುವ ಕೆಲಸ ನಮ್ಮ ಮುಂದಿದೆ.