ಬೇಡಿದ್ದು ಸಿಂಹಳ, ದೊರೆತದ್ದು ಕೆನರಾ

ಉದ್ದು ಮತ್ತು ಹೆಸರು ಕೊಯ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಳ್ಳುವುದುಂಟು. ಜೂನ್ ತಿಂಗಳಲ್ಲಿ ಯಾವ ಮಳೆಗಾಗಿ ಠಾಣಾ ಕುಶನೂರಿನ ರೈತ ಮುಗಿಲು ನೋಡುತ್ತ ನಿಂತಿದ್ದನೋ ಅದೇ ಮಳೆ ಈಗ ಕಾಯನ್ನು ಗಿಡದಲ್ಲಿಯೇ ಮೊಳೆಯುವಂತೆ ಮಾಡುತ್ತದೆ. ಇದು ದೊಡ್ಡ ಪೆಟ್ಟು. ಸಣ್ಣ ಪೆಟ್ಟುಗಳಿಗಂತೂ ಲೆಕ್ಕವಿಲ್ಲ. ಔರಾದಿಗೆ ಹೋಗಬೇಕಾದ ದಿನವೇ ಬಸ್ಸು ಬಾರದು. ಕಚೇರಿಯ ಮುಂದೆ ಅರ್ಧ ದಿನ ನಿಂತ ಮೇಲೆ ಒಂದು ಕಾಗದ ಕಡಿಮೆಯಿದೆ ಎಂಬ ಉತ್ತರ ದೊರೆಯುತ್ತದೆ. ಮಗು ಪುಸ್ತಕ ಬಿಚ್ಚಿದ ಕ್ಷಣವೇ ವಿದ್ಯುತ್ತು ಹೋಗುತ್ತದೆ.

ಇವುಗಳಿಂದ ಆಗುವ ಹಾನಿ ಅಲ್ಲಿಗೇ ಮುಗಿಯುವುದಿಲ್ಲ ಎಂಬುದು ನಮ್ಮ ಚಿಂತೆ. ಹಗಲು ಹೊರಗೆ ಕಂಡ ಸೋಲು ಸಂಜೆ ನಮ್ಮೊಡನೆ ಮನೆಯ ಹೊಸ್ತಿಲು ದಾಟುತ್ತದೆ. ಬಾರದ ಬಸ್ಸಿನ ಮೇಲಿನ ಸಿಟ್ಟು ಮಡದಿಯ ಮೇಲೆ ತಿರುಗುತ್ತದೆ, ಕಚೇರಿಯಲ್ಲಿ ಆದ ಅವಮಾನ ಮಕ್ಕಳ ಬೆನ್ನಿನ ಮೇಲೆ ಬೀಳುತ್ತದೆ. ಏನೂ ತಪ್ಪು ಮಾಡದವರು ದಂಡ ತೆರುತ್ತಾರೆ. ಧರ್ಮಕೇಂದ್ರದ ಗುರುಗಳಾದ ನಾವೂ ಈ ದೋಷಕ್ಕೆ ಹೊರತಲ್ಲ. ಬೇಸರದ ದಿನಗಳಲ್ಲಿ ಬಾಗಿಲಿಗೆ ಬಂದವರೊಡನೆ ಒರಟಾಗಿ ಮಾತನಾಡಿ, ರಾತ್ರಿಯ ಆತ್ಮಶೋಧನೆಯಲ್ಲಿ ಪಶ್ಚಾತ್ತಾಪಪಟ್ಟದ್ದು ನಮಗೆ ನೆನಪಿದೆ.

ಈ ವಿಚಾರವನ್ನು ಧ್ಯಾನಿಸುವಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವವರು ಸಂತ ಜೋಸೆಫ್ ವಾಜ್. ಸಿಂಹಳದ ಪ್ರೇಷಿತರೆಂದು ಅವರನ್ನು ಲೋಕ ಬಲ್ಲದು. ಆದರೆ ಸಿಂಹಳಕ್ಕೆ ಹೋಗಲು ಹಂಬಲಿಸಿದ ಅವರನ್ನು ಮೊದಲು ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವಲಿಯಲ್ಲಿದ್ದ ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೋವಾ ವಾಜ್ ಸಾಂಕ್ವಾಳ ಗ್ರಾಮದವರು, ತಾಯಿ ಮರಿಯ ದೆ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಊರಿನಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತರು. ಅನಂತರ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ ಗುರುಗಳ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷದ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಅರ್ಪಿಸಿಕೊಂಡು ಪತ್ರವೊಂದನ್ನು ಬರೆದು ಸಹಿ ಹಾಕಿದರು. ದಾಸನಿಗೆ ತನ್ನ ಇಚ್ಛೆಯ ಕೆಲಸವೆಂಬುದಿಲ್ಲ, ಒಡತಿ ಒಪ್ಪಿಸಿದ್ದೇ ಅವನ ಕೆಲಸ. ಈ ಮಾತಿನ ಪರೀಕ್ಷೆ ಬಹುಬೇಗ ಎದುರಾಯಿತು.

ಆ ಕಾಲದಲ್ಲಿ ಸಿಂಹಳ ದ್ವೀಪದ ಕಥೋಲಿಕರ ಸ್ಥಿತಿ ಶೋಚನೀಯವಾಗಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾದ ಮೇಲೆ ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶ ನಿಷಿದ್ಧವಾಯಿತು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರಿಗೆ ಅಭ್ಯಂಗವಿಲ್ಲದೆ ವರ್ಷಗಳು ಉರುಳಿದವು. ಈ ಸುದ್ದಿ ಕೇಳಿದ ವಾಜರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳನ್ನು ಬೇಡಿಕೊಂಡರು. ಅಧಿಕಾರಿಗಳು ಆ ಬೇಡಿಕೆಯನ್ನು ಬದಿಗಿರಿಸಿ ಅವರನ್ನು ಕೆನರಾ ಸೀಮೆಯ ಮುಖ್ಯಗುರುವನ್ನಾಗಿ ನೇಮಿಸಿದರು.

ಕೆನರಾ ಸೀಮೆ ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಅಲ್ಲಿನ ಧರ್ಮಸಭೆಯೊಳಗೆ ಕಲಹ ಹೊತ್ತಿಕೊಂಡಿತ್ತು. ರೋಮ್ ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಮಂಗಳೂರಿನಲ್ಲಿದ್ದರು. ಪೋರ್ಚುಗಲ್ಲಿನ ಅರಸರಿಗೆ ದೊರೆತಿದ್ದ ಪ್ರಾಚೀನ ಹಕ್ಕನ್ನು ಮುಂದಿಟ್ಟು ಗೋವೆಯವರು ಆ ನೇಮಕವನ್ನು ಒಪ್ಪಿರಲಿಲ್ಲ. ಯಾರ ಅಪ್ಪಣೆಯಿಂದ ನಡೆದ ಮದುವೆ ಸಿಂಧು, ಯಾರು ಕೊಟ್ಟ ಪಾಪಕ್ಷಮೆ ಸಿಂಧು ಎಂದು ತಿಳಿಯದೆ ಭಕ್ತರು ತಳಮಳಿಸುತ್ತಿದ್ದರು. ತಾವು ಬಯಸದ ಸ್ಥಳ, ತಾವು ಹೂಡದ ಜಗಳ. ಅದರ ನಡುವೆ ಮೂವತ್ತು ವರ್ಷದ ಗುರು ಬಂದು ನಿಂತರು.

ಸಿಂಹಳಕ್ಕೆ ಕಳುಹಿಸಲಿಲ್ಲವೆಂದು ಮುಖ ಗಂಟಿಕ್ಕಿಕೊಂಡು ಅಲ್ಲಿ ದಿನ ದೂಡಬಹುದಿತ್ತು. ಒಂದು ಪಕ್ಷ ಹಿಡಿದು ಇನ್ನೊಂದನ್ನು ಹಳಿಯಬಹುದಿತ್ತು. ಅವರು ಈ ಎರಡನ್ನೂ ಮಾಡಲಿಲ್ಲ. ನೇರವಾಗಿ ಧರ್ಮಾಧ್ಯಕ್ಷರ ಬಳಿಗೆ ಹೋಗಿ, ಅವರಲ್ಲಿದ್ದ ಅಧಿಕಾರಪತ್ರಗಳನ್ನು ನೋಡಿ, ಉಭಯತ್ರರೂ ಒಪ್ಪುವ ದಾರಿಗಾಗಿ ಶ್ರಮಿಸಿದರು. ಪೂರ್ಣ ಸಮಾಧಾನ ಆಗಲಿಲ್ಲ. ಆದರೆ ದೊಡ್ಡವರ ಜಗಳ ತೀರುವವರೆಗೆ ಬಡವರ ಆತ್ಮಗಳು ಕಾಯಬೇಕೆಂದು ಅವರು ಎಣಿಸಲಿಲ್ಲ. ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಬರಿಗಾಲಿನಲ್ಲಿ ನಡೆದಾಡಿದರು. ಪಾಳುಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದ ನೆಲದಲ್ಲಿ ನೀರು ಚಿಮ್ಮಿತೆಂದು ಭಕ್ತರು ಪರಂಪರೆಯಿಂದ ನಂಬುತ್ತಾರೆ. ಅಲ್ಲಿರುವ ಪುಣ್ಯಕ್ಷೇತ್ರಕ್ಕೆ ಯಾತ್ರಿಕರು ಇಂದಿಗೂ ಹೋಗುತ್ತಾರೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಸಿಂಹಳದ ಆಸೆ ಮನಸ್ಸಿನಲ್ಲಿ ಹಾಗೆಯೇ ಇತ್ತು, ದಾರಿ ಮಾತ್ರ ತೆರೆದಿರಲಿಲ್ಲ. ಗೋವೆಯ ದೇಶೀಯ ಗುರುಗಳು ಕೆಲವರು ಕೂಡಿ ಬಾಳಲು ಆರಂಭಿಸಿದ್ದ ಪುಟ್ಟ ಸಂಘವೊಂದನ್ನು ಅವರು 1685ರ ಸೆಪ್ಟೆಂಬರ್ 25ರಂದು ಸೇರಿದರು. ಬೇಗನೆ ಅದರ ಹಿರಿಯರಾಗಿ, ಸಂತ ಫಿಲಿಪ್ ನೇರಿಯವರ ಒರೆಟರಿಯ ನಿಯಮದಂತೆ ಅದನ್ನು ಕಟ್ಟಿ ನಿಲ್ಲಿಸಿದರು. ಸಂಘ ನೆಲೆಗೊಂಡ ಮೇಲೆ ಹಿರಿತನವನ್ನು ಬಿಟ್ಟುಕೊಟ್ಟು, 1686ರಲ್ಲಿ ಜಾನ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ಹೊರಟರು.

ಗುರುವಿನ ಉಡುಪಿನಲ್ಲಿ ಸಿಂಹಳದೊಳಗೆ ಕಾಲಿಡುವಂತಿರಲಿಲ್ಲ. ಆದ್ದರಿಂದ ಕೂಲಿಯವನ ವೇಷ ತೊಟ್ಟರು. ತೂತ್ತುಕುಡಿಯಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. 1687ರಲ್ಲಿ ಜಾಫ್ನಾ ತಲುಪುವ ವೇಳೆಗೆ ಪ್ರಯಾಣದ ಬವಣೆಯಿಂದ ಗುರುವನ್ನೂ ಸೇವಕನನ್ನೂ ಆಮಶಂಕೆ ಹಿಡಿದಿತ್ತು. ಆರು ವರ್ಷ ಹಂಬಲಿಸಿದ ನೆಲದಲ್ಲಿ ಅವರಿಗೆ ಮೊದಲು ದೊರೆತದ್ದು ರೋಗಿಯ ಹಾಸಿಗೆ. ಚೇತರಿಸಿಕೊಂಡ ಮೇಲೂ ಯಾರು ಕಥೋಲಿಕರು, ಯಾರು ಗೂಢಚಾರರು ಎಂದು ತಿಳಿಯುವ ಬಗೆ ಇರಲಿಲ್ಲ. ಕೊರಳಿಗೆ ಜಪಸರ ಧರಿಸಿ ಭಿಕ್ಷುಕನಾಗಿ ಮನೆ ಮನೆಯ ಮುಂದೆ ನಿಂತರು. ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆ ಎಂದು ನೋಡಿದರು. ಬಡತನ ಅವರ ಪಾಲಿಗೆ ಸುವಾರ್ತೆಯ ಸಾಧನವಾಯಿತು. ರಾತ್ರಿಗಳಲ್ಲಿ ಗುಟ್ಟಾಗಿ ಬಲಿಪೂಜೆ ನಡೆಯಿತು.

ಡಚ್ಚರ ಹುಡುಕಾಟ ಬಿಗಿಯಾದಾಗ, 1690ರಲ್ಲಿ ಕ್ಯಾಂಡಿ ಅರಸರ ಸೀಮೆಯ ಪುತ್ತಳಂಗೆ ಸರಿದರು. 1692ರಲ್ಲಿ ರಾಜಧಾನಿ ಕ್ಯಾಂಡಿಗೆ ಹೋದರು. ಅಲ್ಲಿ ಪೋರ್ಚುಗೀಸರ ಬೇಹುಗಾರನೆಂಬ ಆರೋಪ ಹೊರಿಸಿ ಅವರನ್ನು ಸೆರೆಯಲ್ಲಿಟ್ಟರು. ನಿರಪರಾಧಿಗೆ ಸೆರೆಮನೆಗಿಂತ ದೊಡ್ಡ ಬೇಸರ ಇನ್ನಾವುದಿದೆ? ವಾಜರು ಅಲ್ಲಿ ಕುಳಿತು ಸಿಂಹಳ ಭಾಷೆಯನ್ನು ಕಲಿತರು. ತಮಿಳು ಅವರಿಗೆ ಆಗಲೇ ಬರುತ್ತಿತ್ತು. ದ್ವೀಪದ ಒಳನಾಡಿನ ಜನರೊಡನೆ ಮಾತನಾಡಲು ಬೇಕಾಗಿದ್ದ ಭಾಷೆ ದೊರೆತದ್ದು ಸೆರೆಯ ಬಿಡುವಿನಲ್ಲಿ. ಕಾವಲು ಸಡಿಲವಾದಂತೆ ಅಲ್ಲಿಯೇ ಗುಡಿಸಲೊಂದನ್ನು ಕಟ್ಟಿ ಪೂಜಾಸ್ಥಳವನ್ನಾಗಿ ಮಾಡಿಕೊಂಡರು. ಗಡಿಸೀಮೆಯಲ್ಲಿ ಬಾಳುತ್ತ ಕನ್ನಡ, ಮರಾಠಿ, ಹಿಂದಿ, ತೆಲುಗುಗಳ ನಡುವೆ ಮಕ್ಕಳನ್ನು ಬೆಳೆಸುವ ನಮಗೆ, ಪರಭಾಷೆಯನ್ನು ಕಲಿಯಲು ಎಷ್ಟು ತಾಳ್ಮೆ ಬೇಕೆಂಬುದನ್ನು ಹೇಳಬೇಕಾಗಿಲ್ಲ. ಅದನ್ನು ಸೆರೆಯಲ್ಲಿ ಕಲಿತವರ ಮನಃಸ್ಥಿತಿಯನ್ನು ಊಹಿಸಿಕೊಳ್ಳೋಣ.

1693ರಲ್ಲಿ ಆ ನಾಡಿಗೆ ಬರ ಬಂದಿತು. ಅರಸ ಎರಡನೆಯ ವಿಮಲಧರ್ಮಸೂರ್ಯನ ಕೋರಿಕೆಯಂತೆ ವಾಜರು ಬಯಲಿನಲ್ಲಿ ಪೀಠವಿರಿಸಿ, ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರೆಂದೂ ಮಳೆ ಧಾರಾಳವಾಗಿ ಸುರಿಯಿತೆಂದೂ ಅವರ ಚರಿತ್ರೆಗಳು ಹೇಳುತ್ತವೆ. ಅರಸ ಅವರಿಗೆ ರಾಜ್ಯದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ಕೊಟ್ಟ. ಕೆಲವು ವರ್ಷಗಳಲ್ಲಿ ಗೋವೆಯ ಒರೆಟರಿಯಿಂದ ಸಹಾಯಕ ಗುರುಗಳು ಬಂದರು. 1697ರಲ್ಲಿ ಕ್ಯಾಂಡಿಯನ್ನು ಸಿಡುಬು ಹೊಕ್ಕಾಗ ಅರಸನೂ ಅನುಕೂಲಸ್ಥರೂ ಊರು ಬಿಟ್ಟರು. ವಾಜರೂ ಜೋಸೆಫ್ ಕಾರ್ವಾಲೊ ಗುರುಗಳೂ ಅಲ್ಲಿಯೇ ನಿಂತು ರೋಗಿಗಳಿಗೆ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಜಾತಿಮತಗಳ ಎಣಿಕೆ ಅಲ್ಲಿರಲಿಲ್ಲ.

ಹುಟ್ಟೂರನ್ನು ಅವರು ಮತ್ತೆ ನೋಡಲಿಲ್ಲ. 1711ರ ಜನವರಿ 16ರಂದು, ಅರುವತ್ತು ತುಂಬುವ ಮೊದಲೇ, ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು. ಅವರ ಸಮಾಧಿ ಎಲ್ಲಿದೆಯೆಂದು ನಿಖರವಾಗಿ ತೋರಿಸುವ ಗುರುತೂ ಉಳಿದಿಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ ಅವರಿಗೆ ಸಂತ ಪದವಿ ನೀಡಿದರು. ಮರಣದಿಂದ ಅಲ್ಲಿಯವರೆಗೆ ಸುಮಾರು 304 ವರ್ಷಗಳು ಸಂದಿದ್ದವು.

ಈ ಜೀವನದಿಂದ ನಾವು ಕಲಿಯಬೇಕಾದದ್ದು ಯಾವುದು? ಎಲ್ಲ ಕಷ್ಟಕ್ಕೂ ನಗುಮುಖ ತೋರಿಸಬೇಕೆಂಬುದಲ್ಲ. ಬೆಳೆ ಕೊಳೆತ ಹೊಲದ ಬದುವಿನಲ್ಲಿ ನಿಂತವನಿಗೆ ನಗು ಎಂದು ಉಪದೇಶಿಸುವುದು ನಿರ್ದಯೆ. ಅವನೊಡನೆ ಹೊಲಕ್ಕಿಳಿದು ಉಳಿದ ಕಾಯಿ ಬಿಡಿಸಲು ಕೈಗೂಡಿಸುವುದೇ ಉಪದೇಶ. ಸಿಡುಬಿನ ಊರಿನಲ್ಲಿ ವಾಜರು ಮಾಡಿದ್ದು ಇದನ್ನೇ. ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವುದೂ ತಾಳ್ಮೆಯಲ್ಲ. ತಮ್ಮನ್ನು ಕಳುಹಿಸಿದವರಿಗೆ ರುಚಿಸದಿದ್ದರೂ ಕೆನರಾದ ಧರ್ಮಾಧ್ಯಕ್ಷರೊಡನೆ ಸಮಾಧಾನಕ್ಕೆ ಯತ್ನಿಸಿದ ವಾಜರು ಹೇಡಿಯಾಗಿರಲಿಲ್ಲ. ಸರಿಪಡಿಸಬಹುದಾದದ್ದನ್ನು ಸರಿಪಡಿಸಲೇಬೇಕು.

ವಾಜರು ಓದಿದ ವಿದ್ಯಾಲಯಕ್ಕೆ ಹೆಸರಾದ ಸಂತ ತೋಮಸ್ ಅಕ್ವಿನಾಸರು, ದುಃಖವು ವಿವೇಕವನ್ನು ಮುಳುಗಿಸದಂತೆ ಕಾಯುವ ಸದ್ಗುಣವೇ ತಾಳ್ಮೆ ಎಂದು ಬೋಧಿಸಿದ್ದಾರೆ. ದುಃಖ ಇರಬಾರದೆಂದು ಅವರು ಹೇಳಲಿಲ್ಲ. ದುಃಖ ಯಜಮಾನನಾಗಬಾರದು ಎಂಬುದು ಅವರ ಬೋಧನೆಯ ಸಾರ. ನಮಗೆ ಒದಗುವ ಘಟನೆ ನಮ್ಮ ಅಧೀನದಲ್ಲಿಲ್ಲ, ಅದಕ್ಕೆ ನಾವು ಕೊಡುವ ಉತ್ತರ ನಮ್ಮ ಅಧೀನದಲ್ಲಿದೆ. ಬೇಡಿದ ಬಾಗಿಲು ಮುಚ್ಚಿದಾಗ ವಾಜರು ಅದನ್ನು ಗುದ್ದುತ್ತ ನಿಲ್ಲಲಿಲ್ಲ, ತಾವಿದ್ದ ಕಡೆ ಯಾವ ಕೆಲಸ ಬಿದ್ದಿದೆಯೆಂದು ನೋಡಿದರು. ಕೆನರಾದಲ್ಲಿ ದೇವಾಲಯ, ಗೋವೆಯಲ್ಲಿ ಸಂಘ, ಸೆರೆಯಲ್ಲಿ ಭಾಷೆ. ಆದರೂ ಸಿಂಹಳವನ್ನು ಅವರು ಮರೆತಿರಲಿಲ್ಲ.

ಇನ್ನೊಂದು ಮಾತು. 1681ರಲ್ಲಿಯೇ ಅಪ್ಪಣೆ ದೊರೆತಿದ್ದರೆ ಅವರು ಒಂಟಿಯಾಗಿ ಸಿಂಹಳ ಸೇರುತ್ತಿದ್ದರು, ಅವರ ಹಿಂದೆ ಗುರುಗಳನ್ನು ಕಳುಹಿಸುವ ಸಂಘವೇ ಇರುತ್ತಿರಲಿಲ್ಲ. ಕಾಯಬೇಕಾಗಿ ಬಂದ ವರ್ಷಗಳಲ್ಲಿ ಕಟ್ಟಿದ ಒರೆಟರಿಯೇ ಮುಂದೆ ಅವರ ಕೆಲಸವನ್ನು ಉಳಿಸಿತು. ಎಲ್ಲ ಅಡ್ಡಿಗಳ ಅರ್ಥವೂ ಹೀಗೆ ನಮ್ಮ ಕಣ್ಣಿಗೆ ಕಾಣುವುದೆಂದು ನಾವು ಹೇಳಲಾರೆವು. ಎಷ್ಟೋ ಸಲ ಕಾಣುವುದಿಲ್ಲ. ಕಾಣದಿದ್ದಾಗಲೂ ಎದುರಿಗಿರುವ ಕೆಲಸವಂತೂ ಕಾಣುತ್ತದೆ. ವಿಶ್ವಾಸಿಗೆ ಅಷ್ಟು ಬೆಳಕು ಸಾಕು.

ಈ ವಾರ ಸಂಜೆಯ ಜಪಸರಕ್ಕೆ ಕುಳಿತುಕೊಳ್ಳುವ ಮೊದಲು ಮನೆಯವರೆಲ್ಲರೂ ಒಂದು ಅಭ್ಯಾಸ ಮಾಡೋಣ. ಆ ದಿನ ತನ್ನನ್ನು ಕೆರಳಿಸಿದ ಒಂದು ಸಂಗತಿಯನ್ನು ಒಬ್ಬೊಬ್ಬರೂ ಹೇಳಲಿ. ಅದರ ಕೋಪ ಮನೆಯಲ್ಲಿ ಯಾರ ಮೇಲಾದರೂ ಬಿದ್ದಿದ್ದರೆ ಅವರಲ್ಲಿ ಕ್ಷಮೆ ಕೇಳಲಿ, ತಂದೆಯೂ ಮಗನಲ್ಲಿ ಕೇಳಲಿ. ನಾಳೆ ಆ ವಿಷಯದಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಗೊತ್ತುಮಾಡಿಕೊಳ್ಳಲಿ. ಬಸ್ಸು ನಾಳೆಯೂ ತಡವಾಗಬಹುದು, ಮುಗಿಲು ನಾಳೆಯೂ ಮುನಿಯಬಹುದು. ಆದರೆ ಆ ಮುನಿಸು ನಮ್ಮ ಹೊಸ್ತಿಲಿನ ಹೊರಗೇ ಉಳಿಯಲಿ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.