ಸಲಿವನ್ ಕಟ್ಟಿಸಿದ ಕೆರೆ

ಬೇಸಿಗೆ ರಜೆ ಬಂದೊಡನೆ ಹಾವೇರಿ, ರಾಣೆಬೆನ್ನೂರು ಕಡೆಯ ಕುಟುಂಬಗಳೂ ಮೈಸೂರು ದಾಟಿ ಊಟಿಗೆ ಹೋಗಿಬರುವುದು ವಾಡಿಕೆ. ಅಲ್ಲಿ ಎಲ್ಲರೂ ದೋಣಿ ಏರುವ ಕೆರೆ ಸಹಜವಾಗಿ ಮೂಡಿದ್ದೆಂದೇ ಹಲವರ ಭಾವನೆ. ವಾಸ್ತವವಾಗಿ ಅದನ್ನು 1823ರಿಂದ 1825ರ ಅವಧಿಯಲ್ಲಿ ತೊರೆಗಳಿಗೆ ಒಡ್ಡು ಹಾಕಿ ಕಟ್ಟಿಸಿದವನು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್. ಗಿರಿನಗರಗಳ ಆಡಳಿತ ಇಂದು ಎದುರಿಸುತ್ತಿರುವ ಪ್ರಶ್ನೆಗಳೆಲ್ಲವೂ ಆತನ ಬದುಕಿನಲ್ಲಿ ಬೀಜರೂಪದಲ್ಲಿವೆ.

1788ರ ಜೂನ್ 15ರಂದು ಲಂಡನ್ನಿನಲ್ಲಿ ಹುಟ್ಟಿದ ಸಲಿವನ್, ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಸೇರಿ 1815ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನಮ್ಮ ಕೊಳ್ಳೇಗಾಲವೂ ಆಗ ಆ ಜಿಲ್ಲೆಗೇ ಸೇರಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ನೀಲಗಿರಿ ಕಂಪನಿಯ ವಶವಾಗಿದ್ದರೂ ಬೆಟ್ಟದ ಮೇಲೇನಿದೆ ಎಂಬ ತಿಳಿವಳಿಕೆ ಅಧಿಕಾರಿಗಳಿಗೆ ಅಷ್ಟಾಗಿ ಇರಲಿಲ್ಲ. 1819ರ ಜನವರಿಯಲ್ಲಿ ಸಲಿವನ್ ಬೆಟ್ಟ ಹತ್ತಿದಾಗ ಅದು ನಿರ್ಜನ ಪ್ರದೇಶವಾಗಿರಲಿಲ್ಲ. ಕನ್ನಡಕ್ಕೆ ತೀರ ಸಮೀಪದ ನುಡಿಯನ್ನಾಡುವ ಬಡಗರು ಅಲ್ಲಿ ಬೇಸಾಯ ಮಾಡುತ್ತಿದ್ದರು. ತೋಡರು ಎಮ್ಮೆ ಸಾಕುತ್ತಿದ್ದರು. ಕೋತರು ಕಮ್ಮಾರಿಕೆ, ಕುಂಬಾರಿಕೆಗಳಲ್ಲಿ ನಿಷ್ಣಾತರಾಗಿದ್ದರು.

ಸಲಿವನ್ ಮೊದಲು ಕೋಟಗಿರಿಯ ಬಳಿ ನೆಲೆ ಮಾಡಿಕೊಂಡ. ಬಯಲಿನಿಂದ ಮೇಲಕ್ಕೆ ದಾರಿ ಕಡಿಸಿದ. ಅನಂತರ ತೋಡರ ಹಟ್ಟಿಯೊಂದರ ನೆಲವನ್ನು ಅಗ್ಗದ ಬೆಲೆಗೆ ಪಡೆದು 1822ರಲ್ಲಿ ಮನೆ ಕಟ್ಟಲಾರಂಭಿಸಿದ. ಜನ ಅದನ್ನು ಕಲ್ಲುಬಂಗಲೆ ಎಂದರು. ಇಂದು ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆಲೂಗಡ್ಡೆ, ಬಾರ್ಲಿ ಮೊದಲಾದ ಬೆಳೆಗಳನ್ನು ಬೆಟ್ಟದಲ್ಲಿ ಬೆಳೆಸಲು ಯತ್ನಿಸಿದ. ಕೆರೆಯ ಉದ್ದೇಶವೂ ವಿಹಾರವಾಗಿರಲಿಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಕೆಳಗಿನ ಬಯಲಿನ ರೈತರಿಗೆ ಒದಗಿಸಬೇಕೆಂಬುದು ಆತನ ಯೋಜನೆ. ಬೆಟ್ಟ ಮತ್ತು ಬಯಲು ಒಂದೇ ನೀರಿನ ಲೆಕ್ಕಕ್ಕೆ ಸೇರಿವೆ ಎಂಬುದನ್ನು ಆತ ಗ್ರಹಿಸಿದ್ದ.

ಆದರೆ ಊರು ಆತನ ಕೈಯಲ್ಲಿ ಉಳಿಯಲಿಲ್ಲ. ಮದರಾಸಿನ ಗವರ್ನರ್ ಲಷಿಂಗ್ಟನ್, ಊಟಿಯನ್ನು ಯೂರೋಪಿಯನ್ ಸೈನಿಕರ ಆರೋಗ್ಯಧಾಮವಾಗಿಸಲು ಹೊರಟು ಅಲ್ಲಿನ ಅಧಿಕಾರವನ್ನು ಸೇನಾಧಿಕಾರಿಗೆ ವಹಿಸಿದ. 1830ರಲ್ಲಿ ಊಟಿಯ ಭಾಗವನ್ನು ಕೊಯಮತ್ತೂರಿನಿಂದ ಬೇರ್ಪಡಿಸಿ ಮಲಬಾರಿಗೆ ಸೇರಿಸಲಾಯಿತು. ಬೆಟ್ಟದ ನೆಲ ತೋಡರದು, ಪರಿಹಾರ ಕೊಡದೆ ಅದನ್ನು ಮುಟ್ಟುವಂತಿಲ್ಲ ಎಂದು ಸಲಿವನ್ ವಾದಿಸಿದ. ಸ್ವತಃ ವಿಸ್ತಾರವಾದ ಜಮೀನು ಮಾಡಿಕೊಂಡಿದ್ದ ಅಧಿಕಾರಿ ಹೀಗೆ ವಾದಿಸುವುದರಲ್ಲಿ ಸ್ವಾರ್ಥವಿದೆ ಎಂಬ ಟೀಕೆ ಬಂದದ್ದು ಅಸಹಜವೇನಲ್ಲ. ಅಧಿಕಾರದಲ್ಲಿರುವವನು ತಾನು ಆಳುವ ನೆಲದಲ್ಲಿಯೇ ಆಸ್ತಿ ಮಾಡಿದರೆ ಆತನ ನ್ಯಾಯವಾದ ಮಾತಿಗೂ ತೂಕ ಕಡಿಮೆಯಾಗುತ್ತದೆ. ಸೇವೆಯಲ್ಲಿದ್ದ ಎಲ್ಲರೂ ನೆನಪಿಡಬೇಕಾದ ಪಾಠವಿದು.

1838ರಲ್ಲಿ ಪತ್ನಿ ಹೆನ್ರಿಯೆಟಾ ಮತ್ತು ಮಗಳು ಹ್ಯಾರಿಯೆಟ್ ತೀರಿಕೊಂಡರು. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತಂದ ತೊಲೆಗಳನ್ನು ಬಳಸಿ ಕಟ್ಟಿದ್ದೆನ್ನಲಾದ ಸೇಂಟ್ ಸ್ಟೀಫನ್ ಚರ್ಚಿನ ಆವರಣದಲ್ಲಿ ಅವರ ಸಮಾಧಿಗಳಿವೆ. 1841ರಲ್ಲಿ ಸಲಿವನ್ ಭಾರತವನ್ನು ಬಿಟ್ಟ. ಸ್ವದೇಶದಲ್ಲಿ ಕುಳಿತು, ದೇಶೀಯ ಸಂಸ್ಥಾನಗಳನ್ನು ಕಬಳಿಸುತ್ತಿದ್ದ ಕಂಪನಿಯ ನೀತಿಯನ್ನು ಖಂಡಿಸಿ ಬರೆದ. 1855ರ ಜನವರಿ 16ರಂದು ನಿಧನನಾದ.

ಊಟಿಗೆ ಪುರಸಭೆ ಬಂದದ್ದು 1866ರಲ್ಲಿ. ಅಷ್ಟರಲ್ಲಿ ಕೆರೆಯ ಭವಿಷ್ಯ ಬದಲಾಗಲಾರಂಭಿಸಿತ್ತು. ಊರು ಕೆರೆಯ ಮೇಲ್ದಂಡೆಯಲ್ಲಿ ಬೆಳೆಯಿತು. ಪೇಟೆಯ ಕೊಳಚೆ ಇಳಿಜಾರಿನಲ್ಲಿ ಹರಿದು ಕೆರೆ ಸೇರಿತು. ಕೆರೆಯ ಅಂಗಳದ ಒಂದು ಭಾಗವನ್ನು ಒಣಗಿಸಿ ಕುದುರೆ ಓಟದ ಮೈದಾನ ಮಾಡಲಾಯಿತು. ಕುಡಿಯುವ ನೀರಿಗಾಗಿ ಮಾರ್ಲಿಮಂದ್, ಪಾರ್ಸನ್ಸ್ ವ್ಯಾಲಿಯಂತಹ ಬೇರೆ ಜಲಾಶಯಗಳನ್ನು ಆಶ್ರಯಿಸಬೇಕಾಯಿತು. ಕೋಡಪ್ಪಮಂದ್ ಕಾಲುವೆ ಹೊತ್ತು ತರುವ ಕಸ, ಚರಂಡಿ ನೀರು ದಶಕಗಳಿಂದಲೂ ಕೆರೆಗೆ ಕಂಟಕ. ರೈತರಿಗೆಂದು ಕಟ್ಟಿದ್ದು ಊರಿನ ಬಚ್ಚಲಾಯಿತು.

ಇದರ ಹಿಂದೆ ಒಂದು ಸರಳ ಅರ್ಥಶಾಸ್ತ್ರವಿದೆ. ಗಿರಿನಗರದಲ್ಲಿ ಮನೆಗಂದಾಯ ಕೊಡುವವರು ಕೆಲವರು. ನೀರು, ರಸ್ತೆ, ಶೌಚಾಲಯ ಬಳಸುವವರು ಅವರಿಗಿಂತ ಬಹುಪಾಲು ಹೆಚ್ಚು. ಲಾಭ ಹೋಟೆಲಿಗೆ, ಹೊರೆ ನಗರಸಭೆಗೆ. ಬೇಸಿಗೆಯ ಎರಡು ತಿಂಗಳ ಸಂದಣಿಗೆ ಕೊಳವೆ, ಚರಂಡಿ ಹಾಕಿದರೆ ಉಳಿದ ಹತ್ತು ತಿಂಗಳು ಅದರ ನಿರ್ವಹಣೆಗೆ ಹಣವಿರದು. ಹಾಕದಿದ್ದರೆ ಕೊಳಚೆಯೆಲ್ಲ ಕೆರೆಗೆ. ಕೊನೆಗೆ ನ್ಯಾಯಾಲಯವೇ ಮಿತಿ ಹಾಕಬೇಕಾಯಿತು. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳೆಂದು ನಿಗದಿಯಾಯಿತು.

ನಮ್ಮ ಮಡಿಕೇರಿ, ಚಿಕ್ಕಮಗಳೂರುಗಳೂ ಇದೇ ಹಾದಿಯಲ್ಲಿವೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಮರೆಯಲಾಗದು. ನ್ಯಾಯಾಲಯ ಹೇಳುವವರೆಗೆ ಕಾಯದೆ, ಪ್ರವಾಸಿಯಿಂದ ಪಡೆದ ಶುಲ್ಕವನ್ನು ನೀರು ಮತ್ತು ಚರಂಡಿಗೇ ಮೀಸಲಿಡುವ, ಇಳಿಜಾರಿನಲ್ಲಿ ಕಟ್ಟಡ ಪರವಾನಗಿಗೆ ಕಟ್ಟುನಿಟ್ಟಾದ ಎಲ್ಲೆ ಹಾಕುವ ಅಧಿಕಾರ ಮತ್ತು ಹೊಣೆಯನ್ನು ನಗರಸಭೆಗಳಿಗೆ ಕೊಡಬೇಕು. ಸಲಿವನ್ ಬೆಟ್ಟಕ್ಕೆ ದಾರಿ ಕಡಿಸಿದ. ಆ ದಾರಿಯಲ್ಲಿ ಎಷ್ಟು ಜನ ಬರಬಹುದು ಎಂದು ಆತ ಎಣಿಸಿರಲಿಲ್ಲ. ಎರಡು ಶತಮಾನಗಳ ನಂತರವೂ ನಾವು ಎಣಿಸದಿದ್ದರೆ ಅದಕ್ಕೆ ಕ್ಷಮೆಯಿಲ್ಲ.