ಮಾತೃಹೃದಯದ ದಾನಶೀಲೆ ಚಟ್ಟಲದೇವಿ

ಕರ್ನಾಟಕದ ಜೈನ ಇತಿಹಾಸದಲ್ಲಿ ಅರಸರು, ಮಂತ್ರಿಗಳು ಮತ್ತು ದಂಡನಾಯಕರು ಕಟ್ಟಿಸಿದ ಬಸದಿಗಳಿಗೆ ಎಂತಹ ಸ್ಥಾನವಿದೆಯೋ ಅಂತಹದೇ ಸ್ಥಾನ ಧರ್ಮಶೀಲೆಯರಾದ ಶ್ರಾವಿಕೆಯರು ಕಟ್ಟಿಸಿದ ಬಸದಿಗಳಿಗೂ ಇದೆ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅದಾದ 70 ವರ್ಷಗಳ ನಂತರ ಮಲೆನಾಡಿನ ಹೊಂಬುಜದಲ್ಲಿ ಪಂಚಕೂಟ ಜಿನಾಲಯವನ್ನು ಕಟ್ಟಿಸಿದ ಪುಣ್ಯವಂತೆ ಚಟ್ಟಲದೇವಿ. ಅತ್ತಿಮಬ್ಬೆಯ ಹೆಸರು ನಾಡಿನ ಮನೆ ಮನೆಯಲ್ಲಿಯೂ ಕೇಳಿಬರುತ್ತದೆ. ಆದರೆ ನಮ್ಮ ಜಿಲ್ಲೆಯವಳೇ ಆದ ಚಟ್ಟಲದೇವಿಯ ಚರಿತ್ರೆಯನ್ನು ಪೂರ್ಣವಾಗಿ ಬಲ್ಲವರು ವಿರಳ. ಬಸದಿಯ ಪ್ರತಿಷ್ಠೆ ನಡೆಯುವ ಈ ಶುಭ ಸಂದರ್ಭದಲ್ಲಿ ಆ ಮಹಾತಾಯಿಯನ್ನು ಸ್ಮರಿಸುವುದು ಉಚಿತವಾಗಿದೆ.

ಹೊಂಬುಜ ಅಥವಾ ಹುಂಚವು ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಹೊಸನಗರ ತಾಲ್ಲೂಕಿನಲ್ಲಿದೆ. ಶಾಸನಗಳಲ್ಲಿ ಇದಕ್ಕೆ ಪೊಂಬುರ್ಚ ಎಂಬ ಹೆಸರಿದೆ. ಉತ್ತರ ಮಥುರೆಯಿಂದ ಬಂದ ಜಿನದತ್ತರಾಯನು ಪದ್ಮಾವತಿದೇವಿಯ ಅನುಗ್ರಹದಿಂದ ಇಲ್ಲಿ ಸಾಂತರ ರಾಜ್ಯವನ್ನು ಸ್ಥಾಪಿಸಿದನೆಂಬುದು ಪರಂಪರೆಯ ನಂಬಿಕೆ. ಸಾಂತಳಿಗೆ ಸಾವಿರ ನಾಡನ್ನು ಆಳಿದ ಸಾಂತರರು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳ ಸಾಮಂತರಾಗಿದ್ದರು. ಆ ಕಾಲದಲ್ಲಿ ರಾಜಮನೆತನವು ಮಾತ್ರವಲ್ಲದೆ ವರ್ತಕರೂ ಧರ್ಮಕಾರ್ಯದಲ್ಲಿ ಮುಂದಾಗಿದ್ದರು. ವೀರಸಾಂತರನ ಆಳ್ವಿಕೆಯಲ್ಲಿ, 1062ರ ವೇಳೆಗೆ, ಪಟ್ಟಣಸ್ವಾಮಿ ನೊಕ್ಕಯ್ಯಶೆಟ್ಟಿಯು ಅಲ್ಲಿ ಜಿನಾಲಯವನ್ನು ಕಟ್ಟಿಸಿದ್ದಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ವ್ಯಾಪಾರದಲ್ಲಿ ಗಳಿಸಿದ ಹಣವು ಊರಿನ ನೀರಾಗಿ ಹರಿದ ದೃಷ್ಟಾಂತವಿದು.

ಚಟ್ಟಲದೇವಿಯು ಹುಟ್ಟಿದ್ದು ಗಂಗ ವಂಶದಲ್ಲಿ. ಅರುಮುಳಿದೇವ ಮತ್ತು ಗಾವಬ್ಬರಸಿ ಆಕೆಯ ತಂದೆತಾಯಿಗಳು. ಗಂಗರು ಜಿನಧರ್ಮಕ್ಕೆ ಆಶ್ರಯ ನೀಡಿದವರೆಂಬುದು ಸರ್ವವಿದಿತ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರಾಜ ರಾಚಮಲ್ಲನ ಮಂತ್ರಿಯಾಗಿದ್ದವನು. ಆದರೆ ಹನ್ನೊಂದನೆಯ ಶತಮಾನದ ಆರಂಭದಲ್ಲಿಯೇ ತಲಕಾಡು ಚೋಳರ ವಶವಾಗಿ ಗಂಗರ ರಾಜ್ಯವು ಅಸ್ತಂಗತವಾಯಿತು. ಹೀಗೆ ಸಿಂಹಾಸನವನ್ನು ಕಳೆದುಕೊಂಡ ಮನೆತನದ ಮಗಳು ಚಟ್ಟಲದೇವಿ. ಪಲ್ಲವ ವಂಶದ ಕಾಡುವೆಟ್ಟಿಗೆ ಆಕೆಯನ್ನು ಕೊಟ್ಟು ವಿವಾಹ ಮಾಡಲಾಯಿತು. ಆಕೆಯ ಸಹೋದರಿ ಬೀರಲದೇವಿಯು ಹೊಂಬುಜದ ವೀರಸಾಂತರನ ಕೈಹಿಡಿದು ಸಾಂತರರ ಅರಸಿಯಾದಳು.

ಕರ್ಮದ ಗತಿಯನ್ನು ಬಲ್ಲವರಾರು? ಚಟ್ಟಲದೇವಿಗೆ ಪತಿವಿಯೋಗವಾಯಿತು. ತಂದೆತಾಯಿಗಳು ಗತಿಸಿದರು. ಒಡಹುಟ್ಟಿದ ಬೀರಲದೇವಿಯೂ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರು ಗಂಡುಮಕ್ಕಳನ್ನು ಬಿಟ್ಟು ಕಣ್ಮರೆಯಾದಳು. ತವರಿನ ರಾಜ್ಯವಿಲ್ಲ, ಪತಿಯ ಆಸರೆಯಿಲ್ಲ, ಸಹೋದರಿಯೂ ಇಲ್ಲ. ಇಂತಹ ಸ್ಥಿತಿಯಲ್ಲಿ ಎಂತಹವರಾದರೂ ಧೃತಿಗೆಡುವುದು ಸಹಜ. ಆದರೆ ಚಟ್ಟಲದೇವಿಯು ತನ್ನ ದುಃಖವನ್ನು ಬದಿಗಿರಿಸಿ ತಾಯಿಯಿಲ್ಲದ ಆ ನಾಲ್ವರನ್ನು ತನ್ನ ಮಕ್ಕಳೆಂದೇ ಭಾವಿಸಿದಳು. ಅವರ ಏಳಿಗೆಯೇ ಆಕೆಯ ಬಾಳಿನ ಗುರಿಯಾಯಿತು. ಅವರಲ್ಲಿ ತೈಲನು ಭುಜಬಲ ಸಾಂತರನೆಂದೂ, ಗೊಗ್ಗಿಗನು ನನ್ನಿಸಾಂತರನೆಂದೂ, ಒಡ್ಡುಗನು ವಿಕ್ರಮಸಾಂತರನೆಂದೂ ಹೆಸರಾಗಿ ಸಾಂತರ ರಾಜ್ಯವನ್ನು ಆಳಿದರು. ಹೆರದಿದ್ದರೂ ತಾಯಿಯಾಗಬಹುದೆಂಬುದನ್ನು ಆಕೆ ನಡೆದು ತೋರಿಸಿದಳು. ಆಕೆಯ ಮೊದಲನೆಯ ಧರ್ಮಕಾರ್ಯವು ಬಸದಿಯಲ್ಲ, ಮಕ್ಕಳ ಪಾಲನೆ ಎಂಬುದನ್ನು ಗಮನಿಸಬೇಕು.

ಅಗಲಿದವರ ನೆನಪಿಗಾಗಿ ಮಾಡುವ ಧರ್ಮಕಾರ್ಯವನ್ನು ಶಾಸನಗಳು ಪರೋಕ್ಷವಿನಯ ಎಂದು ಕರೆಯುತ್ತವೆ. ಕಣ್ಣೆದುರಿಗೆ ಇರುವವರಿಗೆ ತೋರುವ ಗೌರವವು ಪ್ರತ್ಯಕ್ಷವಾದರೆ, ಇಲ್ಲದವರಿಗೆ ತೋರುವುದು ಪರೋಕ್ಷವಿನಯ. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ಸಹೋದರಿ ಬೀರಲದೇವಿ ಮೊದಲಾದ ಬಂಧುಗಳ ಪರೋಕ್ಷವಿನಯಕ್ಕಾಗಿ ಚಟ್ಟಲದೇವಿಯು ಶಕವರ್ಷ 999ರಲ್ಲಿ, ಅಂದರೆ 1077ರಲ್ಲಿ, ಸಾಂತರ ಕುಮಾರರೊಡಗೂಡಿ ಹೊಂಬುಜದಲ್ಲಿ ಪಂಚಕೂಟ ಜಿನಾಲಯವನ್ನು ಕಟ್ಟಿಸಿದಳು. ಭೂಮಿಗೆ ತಿಲಕದಂತಿರುವುದರಿಂದ ಅದಕ್ಕೆ ಉರ್ವೀತಿಲಕ ಎಂಬ ಹೆಸರಾಯಿತು. ಶ್ರೀವಿಜಯರೆಂಬ ಒಡೆಯದೇವ ಮುನಿಗಳು ಆಕೆಯ ಗುರುಗಳಾಗಿದ್ದರು. ಐದು ಗರ್ಭಗೃಹಗಳನ್ನುಳ್ಳ ಈ ಬಸದಿಯ ಮುಂದಿರುವ ಎತ್ತರವಾದ ಮಾನಸ್ತಂಭವು ಯಾತ್ರಿಕರ ಕಣ್ಮನಗಳನ್ನು ಇಂದಿಗೂ ಸೆಳೆಯುತ್ತದೆ.

ಬಸದಿಯನ್ನು ಕಟ್ಟಿಸಿದಲ್ಲಿಗೆ ಆಕೆಯ ಕರ್ತವ್ಯವು ಮುಗಿಯಲಿಲ್ಲ. ಪೂಜೆಗೆ, ಮುನಿಗಳ ಆಹಾರಕ್ಕೆ ಹಾಗೂ ಜೀರ್ಣೋದ್ಧಾರಕ್ಕೆ ದತ್ತಿಗಳ ಏರ್ಪಾಡಾಯಿತು. ಅಷ್ಟೇ ಅಲ್ಲ, ಕೆರೆಗಳು, ಬಾವಿಗಳು, ಅರವಟ್ಟಿಗೆಗಳು, ಸತ್ರಗಳು, ತೋಪುಗಳು ಆಕೆಯಿಂದ ಆದುವು. ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನೂ ಆಕೆ ನಡೆಸಿದಳೆಂದು ಶಾಸನವು ಕೊಂಡಾಡಿದೆ. ದಾರಿಯಲ್ಲಿ ಬಳಲಿ ಬಂದವನಿಗೆ ಅರವಟ್ಟಿಗೆಯ ನೀರು, ಹಸಿದವನಿಗೆ ಸತ್ರದ ಅನ್ನ, ರೋಗಿಗೆ ಮದ್ದು, ಅಂಜಿ ಬಂದವನಿಗೆ ಅಭಯ, ಓದಬಯಸುವವನಿಗೆ ವಿದ್ಯೆ ದೊರೆತರೆ ಕುಸಿದ ಬಾಳು ಮತ್ತೆ ಎದ್ದು ನಿಲ್ಲಲು ಇನ್ನೇನು ಬೇಕು? ತಾನು ದುಃಖವನ್ನುಂಡವಳಾದ್ದರಿಂದ ಪರರ ದುಃಖವು ಆಕೆಗೆ ಅರ್ಥವಾಗಿದ್ದಿರಬೇಕು.

ಕಾಲ ಕಳೆದರೂ ಆಕೆಯ ಸ್ಮರಣೆ ಮಾಸಲಿಲ್ಲ. ಪಂಚಕೂಟ ಬಸದಿಯಾಗಿ 26 ವರ್ಷಗಳ ನಂತರ, 1103ರಲ್ಲಿ, ತ್ರಿಭುವನಮಲ್ಲ ಸಾಂತರನೊಡನೆ ಸೇರಿ ಚಟ್ಟಲದೇವಿಯು ಅದರ ಎದುರಿನಲ್ಲಿ ಬೀರಲದೇವಿಯ ಹೆಸರಿನಲ್ಲಿ ಇನ್ನೊಂದು ಬಸದಿಗೆ ಅಡಿಗಲ್ಲನ್ನಿಟ್ಟಳು. ಒಡಹುಟ್ಟಿದವಳ ಮೇಲಿನ ವಾತ್ಸಲ್ಯವು ಇಳಿವಯಸ್ಸಿನಲ್ಲಿಯೂ ಬತ್ತಿರಲಿಲ್ಲ. ಆಕೆ ಹಾಕಿಕೊಟ್ಟ ಮೇಲ್ಪಂಕ್ತಿಯು ಮುಂದಿನ ಪೀಳಿಗೆಗೂ ನಡೆದು ಬಂದಿತು. ಸಾಂತರ ಕುಲದ ಪಂಪಾದೇವಿಯು 1147ರಲ್ಲಿ ಉರ್ವೀತಿಲಕ ಬಸದಿಗೆ ಉತ್ತರದ ಪಟ್ಟಶಾಲೆಯನ್ನು ಕಟ್ಟಿಸಿದಳು.

ಶಿವಮೊಗ್ಗ, ಭದ್ರಾವತಿಯ ಹೊಸಮನೆ ಮತ್ತು ಸುತ್ತಲಿನ ಊರುಗಳ ಶ್ರಾವಕ ಬಂಧುಗಳು ಪದ್ಮಾವತಿ ಅಮ್ಮನವರ ದರ್ಶನಕ್ಕೆಂದು ಹೊಂಬುಜಕ್ಕೆ ಹೋಗಿಬರುವುದು ವಾಡಿಕೆ. ಅಮ್ಮನವರಿಗೆ ಉಡಿ ತುಂಬಿಸಿ ಹಿಂತಿರುಗುವ ಮೊದಲು ಪಂಚಕೂಟ ಬಸದಿಯ ಅಂಗಳದಲ್ಲಿ ಕ್ಷಣಕಾಲ ನಿಂತು ಆ ಮಹಾತಾಯಿಯನ್ನು ನೆನೆಯುವುದು ಅವಶ್ಯ. ಅಗಲಿದ ಹಿರಿಯರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು, ವರ್ಷಕ್ಕೊಮ್ಮೆ ಅನ್ನಸಂತರ್ಪಣೆ ಮಾಡಿಸುವುದು ಒಳ್ಳೆಯದೇ ಸರಿ. ಆದರೆ ಆ ಹೆಸರಿನಲ್ಲಿ ತಂದೆಯಿಲ್ಲದ ಒಬ್ಬ ಬಾಲಕನ ಓದು ಸಾಗಿದರೆ, ದುಡಿಯುವವರನ್ನು ಕಳೆದುಕೊಂಡ ಒಬ್ಬ ತಾಯಿಯ ಮನೆಯಲ್ಲಿ ಒಲೆ ಉರಿದರೆ, ಕಾಯಿಲೆಯವನೊಬ್ಬನಿಗೆ ಔಷಧ ಸಿಕ್ಕರೆ ಅದೇ ನಿಜವಾದ ಪರೋಕ್ಷವಿನಯ. ಚಟ್ಟಲದೇವಿಯ ಚರಿತ್ರೆಯ ಸಾರವೂ ಇದೇ ಆಗಿದೆ. ಸತ್ತವರಿಗಾಗಿ ಆಕೆ ಕಟ್ಟಿಸಿದುದೆಲ್ಲವೂ ಬದುಕಿರುವವರ ಉಪಯೋಗಕ್ಕೆ ಬಂದಿತು.

ನೂತನ ಬಿಂಬಗಳಿಗೆ ಪಂಚಕಲ್ಯಾಣಗಳು ನೆರವೇರಿ, ಕಳಶವೇರಿ, ಚಪ್ಪರವನ್ನು ಬಿಚ್ಚಿದ ಮೇಲೆಯೂ ಬಸದಿಯ ಧರ್ಮವು ಚತುರ್ವಿಧ ದಾನದ ರೂಪದಲ್ಲಿ ನಿತ್ಯವೂ ಮುಂದುವರಿಯಬೇಕು. ಚಟ್ಟಲದೇವಿಯ ಆದರ್ಶವು ಸಮಾಜದ ಪ್ರತಿಯೊಂದು ಮನೆಗೂ ದಾರಿದೀಪವಾಗಲಿ. ಜಿನೇಶ್ವರರ ಕೃಪೆಯಿಂದ ಸಕಲ ಜೀವಿಗಳಿಗೂ ಮಂಗಳವುಂಟಾಗಲಿ.